ಮಾವನ ಕೆಮ್ಮು ಮಳೆಯದ್ದೇನಾ?

ಪ್ರಶ್ನೆ: ನಮ್ಮ ಮಾವನಿಗೆ 74 ವರ್ಷ. ಮಳೆ ಹಿಡಿದಾಗಿನಿಂದ ಕೆಮ್ಮು ಬಿಟ್ಟಿಲ್ಲ. ಊಟ ಸೇರುವುದಿಲ್ಲ, ತುಂಬಾ ಇಳಿದುಹೋಗಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. “ಈ ಮಳೆಗೆ ಯಾರಿಗೆ ಕೆಮ್ಮಿಲ್ಲ, ಬೀಡಿ ಸೇದಿದ ಎದೆ ಇದು” ಎನ್ನುತ್ತಾರೆ. ಆಶಾ ಕಾರ್ಯಕರ್ತೆ ಕಫ ಪರೀಕ್ಷೆ ಮಾಡಿಸಿ ಎಂದಿದ್ದಕ್ಕೆ ರೇಗಿದರು. ಮೊಮ್ಮಗಳ ಮದುವೆ ಮಾತು ನಡೆಯುತ್ತಿದೆ, ಟಿಬಿ ಎಂದು ಊರಿಗೆ ಗೊತ್ತಾದರೆ ಸಂಬಂಧ ತಪ್ಪುತ್ತದೆ ಎಂಬ ಭಯ ಅವರಿಗೆ. ಮನೆಯಲ್ಲಿ ಮೂರು ವರ್ಷದ ಮಗುವೂ ಇದೆ. ಏನು ಮಾಡಲಿ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮಳೆ ನಿಲ್ಲಲಿ ಎಂದು ಕಾಯಬೇಡಿ, ಈ ವಾರವೇ ಕಫ ಪರೀಕ್ಷೆ ಮಾಡಿಸಿ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಪರೀಕ್ಷೆ ಬೇಕು. ನಿಮ್ಮ ಮಾವನಿಗೆ ತೂಕ ಇಳಿದಿದೆ, ಸಕ್ಕರೆ ಕಾಯಿಲೆಯೂ ಇದೆ, ಹಾಗಾಗಿ ಇನ್ನೂ ಬೇಗ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಚಿಕ್ಕಂದಿನಲ್ಲಿ ಒಳಗೆ ಹೊಕ್ಕ ರೋಗಾಣು ಎಷ್ಟೋ ವರ್ಷ ಸುಮ್ಮನಿದ್ದು, ಮೈಯ ಶಕ್ತಿ ಕುಗ್ಗಿದಾಗ ತಲೆ ಎತ್ತುವುದೂ ಉಂಟು. ವಯಸ್ಸಾದವರಲ್ಲಿ ಜೋರು ಜ್ವರ, ಕಫದಲ್ಲಿ ರಕ್ತ ಇವೆಲ್ಲ ಕಾಣಿಸಲೇಬೇಕೆಂದಿಲ್ಲ. ಬರೀ ಸುಸ್ತು, ಊಟ ಬೇಡ ಎನ್ನುವುದು, ಬಟ್ಟೆ ಸಡಿಲವಾಗುವುದು ಇಷ್ಟೇ ಇರಬಹುದು, ಮನೆಯವರು ಅದನ್ನು “ವಯಸ್ಸಾಯಿತಲ್ಲ” ಎಂದು ಬಿಟ್ಟುಬಿಡುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಈ ಮಾತಿಗೇ.

ಬೀಡಿ ಎದೆ ಎನ್ನುವ ಮಾತು ಅರ್ಧ ನಿಜ. ಆದರೆ ಬೀಡಿ ಸೇದುವವರಿಗೆ ಟಿಬಿ ಅಪಾಯವೂ ಜಾಸ್ತಿ, ಅಲ್ವಾ? ಯಾವುದು ಎಂದು ಹೇಳಬೇಕಾದದ್ದು ಪರೀಕ್ಷೆ. ಬೆಳಿಗ್ಗೆ ಎದ್ದ ಕೂಡಲೇ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲು ಕೊಟ್ಟರೆ ಆಗುವುದಿಲ್ಲ. ತೆರೆದ ಜಾಗದಲ್ಲಿ, ಬೇರೆಯವರಿಂದ ದೂರ ನಿಂತು ತೆಗೆಯಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ಈಗ ಮದುವೆ ವಿಷಯ. ಟಿಬಿ ವಂಶದಿಂದ ಬರುವ ಕಾಯಿಲೆ ಅಲ್ಲ. ಅಜ್ಜನಿಗೆ ಬಂದರೆ ಮೊಮ್ಮಗಳ ಬಾಳಿಗೆ ಯಾವ ಕಳಂಕವೂ ಇಲ್ಲ. ಇದನ್ನು ನೀವು ಹೇಳುವುದಕ್ಕಿಂತ ಅವರ ಮಗ, ಇಲ್ಲವೇ ಅವರು ನಂಬುವ ವಯಸ್ಸಾದ ಗೆಳೆಯರೊಬ್ಬರು ಹೇಳಿದರೆ ಒಳ್ಳೆಯದು. ಸೊಸೆ ಹೇಳಿದರೆ ಹಿರಿಯರಿಗೆ ಅದು ದೂರಿದ ಹಾಗೆ ಕೇಳಿಸಬಹುದು. “ಮದುವೆ ಮನೆಯಲ್ಲಿ ನೀವೇ ಮುಂದೆ ನಿಂತು ಓಡಾಡಬೇಕು, ಅದಕ್ಕೆ ಈಗಲೇ ಗುಣ ಮಾಡಿಕೊಳ್ಳೋಣ” ಎಂದು ಹೇಳಿ ನೋಡಿ.

ಟಿಬಿ ಎಂದೇ ಗೊತ್ತಾದರೆ, ಸಾಮಾನ್ಯ ಟಿಬಿಗೆ ಆರು ತಿಂಗಳು ದಿನಾ ಮಾತ್ರೆ. ಸಕ್ಕರೆಯ ಮಾತ್ರೆ, ಬಿಪಿ ಮಾತ್ರೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಏಕೆಂದರೆ ಟಿಬಿಗೆ ಕೊಡುವ ರಿಫಾಂಪಿಸಿನ್ ಎಂಬ ಔಷಧಿ ಕೆಲವು ಸಕ್ಕರೆ ಮಾತ್ರೆಗಳ ಬಲ ಕಡಿಮೆ ಮಾಡುತ್ತದೆ. ಅದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ಡಾಕ್ಟರನ್ನು ನೋಡಿ. ವಯಸ್ಸಾದವರ ಲಿವರ್‌ಗೆ ಈ ಮಾತ್ರೆಗಳಿಂದ ತೊಂದರೆ ಆಗುವುದು ಹೆಚ್ಚು.

ತಟ್ಟೆ ಲೋಟ ಬೇರೆ ಇಡಬೇಡಿ. ಟಿಬಿ ಹರಡುವುದು ಗಾಳಿಯಿಂದ, ಪಾತ್ರೆಯಿಂದ ಅಲ್ಲ. ಸರಿಯಾದ ಔಷಧಿ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ಸಾಮಾನ್ಯವಾಗಿ ಹರಡುವ ಸಾಧ್ಯತೆ ತುಂಬಾ ಇಳಿಯುತ್ತದೆ. ಅಲ್ಲಿಯವರೆಗೆ ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಮಗುವನ್ನು ಅವರ ಜೊತೆ ಮಲಗಿಸಬೇಡಿ. ನಮ್ಮ ಕಡೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ಕಿಟಕಿ ಮುಚ್ಚಿ, ಒಲೆಯ ಬೆಚ್ಚಗಿನಲ್ಲಿ ಎಲ್ಲರೂ ಒಂದೇ ಕಡೆ ಕೂರುವುದು. ಮಳೆ ಹೊಡೆಯದ ಕಡೆಯ ಕಿಟಕಿಯನ್ನಾದರೂ ತೆರೆದಿಡಿ. ಐದು ವರ್ಷದೊಳಗಿನ ಮಗುವಿಗೆ ತಡೆ ಔಷಧಿ ಕೊಡುತ್ತಾರೆ, ಉಳಿದವರನ್ನೂ ಪರೀಕ್ಷಿಸುತ್ತಾರೆ, ಕೇಳಿ ಪಡೆಯಿರಿ. ಟಿಬಿಗೆಂದು ಊಟದಲ್ಲಿ ಪಥ್ಯ ಬೇಡ: ಮೊಟ್ಟೆ, ಮೀನು, ಬೇಳೆ, ಅವರಿಗೆ ಸೇರಿದರೆ ಹಂದಿ ಮಾಂಸವೂ ಇರಲಿ. ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ.

ಪ್ರಶ್ನೆ: ನಾವು ಎಸ್ಟೇಟಿನ ಲೈನ್ ಮನೆಯಲ್ಲಿದ್ದೇವೆ. ಅಮ್ಮ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿದ್ದಾರೆ, ಕೆಮ್ಮು ನಿಂತಿದೆ. ಕಾಫಿ ಕೊಯ್ಲಿಗೆ ಬೇರೆ ತೋಟಕ್ಕೆ ಹೋಗಬೇಕು. ಮಾತ್ರೆ ನಿಲ್ಲಿಸಬಹುದಾ?
– ವಿರಾಜಪೇಟೆ

ಉತ್ತರ: ಖಂಡಿತ ಬೇಡ. ಕೆಮ್ಮು ನಿಂತರೂ ರೋಗಾಣು ಉಳಿದಿರುತ್ತದೆ. ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಆಗ ಇದೇ ಮಾತ್ರೆಗಳಿಗೆ ಬಗ್ಗದೆಯೂ ಹೋಗಬಹುದು. ಹೊರಡುವ ಮೊದಲು ಆಸ್ಪತ್ರೆಯಲ್ಲಿ ತಿಳಿಸಿ, ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. ಚಿಕಿತ್ಸೆಯ ಕಾರ್ಡನ್ನು ಮರೆಯದೆ ಜೊತೆಗೆ ತೆಗೆದುಕೊಂಡು ಹೋಗಿ.