ಎಸಿ ಅಂದ್ರೆ ಯಾವ ಎಸಿ?

ಪ್ರಶ್ನೆ: ಆಯಿಯ ಔಷಧಿ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ಡಾಕ್ಟರು ಇಂಗ್ಲಿಷಿನಲ್ಲಿ ‘ಎಸಿ’ ಅಂತ ಬರೆದಿದ್ದಾರೆ. ಏನರ್ಥ?
– ಓದುಗರು, ಶಿರಸಿ

ಉತ್ತರ: ನಿಮ್ಮೂರಲ್ಲಿ ‘ಎಸಿ ಆಫೀಸಿಗೆ ಹೋಗಿ ಬರ್ತೇನೆ’ ಅಂದರೆ ಜಮೀನಿನ ತಕರಾರು ಏನೋ ಇದೆ ಅಂತಲೇ ಲೆಕ್ಕ. ಅಲ್ಲಿ ಎಸಿ ಎಂದರೆ ಅಸಿಸ್ಟೆಂಟ್ ಕಮಿಷನರ್. ಕಾರವಾರದ ಮೇ ತಿಂಗಳ ಸೆಕೆಯಲ್ಲಿ ನಮಗೆ ಬೇಕಾಗುವ ಎಸಿಯೇ ಬೇರೆ. ಅದನ್ನು ಓಡಿಸುವ ಕರೆಂಟೂ ಎಸಿಯೇ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಆಲ್ಟರ್ನೇಟಿಂಗ್ ಕರೆಂಟ್, ಸೆಕೆಂಡಿಗೆ 50 ಆವರ್ತದ್ದು. ಚೆಕ್ ಮೇಲಿದ್ದರೆ ಖಾತೆ. ಇಟಲಿಯವರು ಇಸವಿಯ ಪಕ್ಕ ಬರೆದರೆ ಕ್ರಿಸ್ತಪೂರ್ವ!

ನಿಮ್ಮ ಚೀಟಿಯದ್ದು ಲ್ಯಾಟಿನ್: ‘ಆಂಟೆ ಸಿಬಮ್’, ಊಟಕ್ಕೆ ಮುಂಚೆ. ‘ಪಿಸಿ’ ಅಂತಿದ್ದರೆ ‘ಪೋಸ್ಟ್ ಸಿಬಮ್’, ಊಟದ ನಂತರ. ಪೊಲೀಸ್ ಕಾನ್‌ಸ್ಟೇಬಲ್ ಅಲ್ಲ, ಕಂಪ್ಯೂಟರೂ ಅಲ್ಲ. ಸುಮ್ನೆ ಬರೆದದ್ದು ಅಂದುಕೊಳ್ಳಬೇಡಿ. ಥೈರಾಯ್ಡ್ ಕೊರತೆಯ ಮಾತ್ರೆಯನ್ನು ತಿಂಡಿಯ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ. ಎಷ್ಟು ಹೊತ್ತು ಮುಂಚೆ ಅಂತ ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ, ಮಾತ್ರೆಯ ಪೊಟ್ಟಣದ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಿ. ಆಯಿಗೆ ಲ್ಯಾಟಿನ್ ಯಾಕೆ ಬೇಕು, ಅಲ್ವಾ?