ಮಾರಿಯೊಳಗಿನ ‘ಪರ್ಮನೆಂಟ್’ ನೌಕರಿ

ಸಂಪಾದಕರ ಉತ್ತರ

ಓದುಗರ ಪತ್ರ: “ಕಳೆದ ಸಂಚಿಕೆಯ ಚರ್ಮದ ಅಂಕಣದಲ್ಲಿ, ಗೆರೆ-ತಗ್ಗು ತುಂಬಲು ಚರ್ಮದಡಿ ಚುಚ್ಚುವ ಫಿಲ್ಲರಿನ ಬಗ್ಗೆ, ‘ಶಾಶ್ವತ ಫಿಲ್ಲರ್ ಬೇಡ’ ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದೀರಿ. ಕಾರಣ ಹೇಳದೆ ಬೇಡ ಅನ್ನೋದು ಅತ್ತೆಯ ಮಾತಾತು. ನನಗೀಗ 41. ಮೂಗಿನ ಬದಿಯಿಂದ ಬಾಯಿ ತುದಿಯವರೆಗೆ ಗೆರೆ ಬಿದ್ದಿವೆ, ಮೂಗಿನ ಬುಡ ಮೊದಲಿನಿಂದಲೂ ತಗ್ಗು. ಹುಬ್ಬಳ್ಳಿಯಲ್ಲಿ ವಿಚಾರಿಸಿದೆ. ಕರಗುವ ಫಿಲ್ಲರ್ ಆದರೆ ವರ್ಷಕ್ಕೊಮ್ಮೆ 25 ಸಾವಿರ, ಪರ್ಮನೆಂಟ್ ಆದರೆ ಒಮ್ಮೆಗೇ 60 ಸಾವಿರ. ಮೂರನೇ ವರ್ಷಕ್ಕೆ ರೊಕ್ಕ ಉಳಿತಾಯ. ನಾನು ಗಣಿತ ಕಲಿಸುವಾಕಿ. ನನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ ತೋರಿಸಿ. ಇಲ್ಲದಿದ್ದರೆ ಹಾಕಿಸಲಿಕ್ಕೆ ಅಡ್ಡಿಯಿಲ್ಲ ಅಂತ ಒಂದು ಸಾಲು ಬರೆಯಿರಿ.” — ಗದಗ-ಬೆಟಗೇರಿಯ ಓದುಗರು

ಅಕ್ಕೋರೇ, ಕೂಡಿಸುವುದರಲ್ಲಿ ತಪ್ಪಿಲ್ಲ. ಕಳೆಯುವ ಲೆಕ್ಕವನ್ನು ನೀವು ಮಾಡಿಯೇ ಇಲ್ಲ. ಹಾಕಿಸಲು 60 ಸಾವಿರ ಸರಿ, ತೆಗೆಸಲು ಎಷ್ಟು ಅಂತ ಕೇಳಿದಿರಾ? ಕೇಳಿರಲಿಕ್ಕಿಲ್ಲ. ಕೇಳಿದ್ದರೆ ಆ ಅಂಗಡಿಯಲ್ಲಿ ಉತ್ತರವೇ ಸಿಗುತ್ತಿರಲಿಲ್ಲ.

ತಪ್ಪು ನಿಮ್ಮದೊಬ್ಬರದೇ ಅಲ್ಲ. ‘ಪರ್ಮನೆಂಟ್’ ಅನ್ನುವ ಪದಕ್ಕೆ ನಮ್ಮ ಕಡೆ ಇರುವ ಮರ್ಯಾದೆ ಬೇರಾವ ಪದಕ್ಕೂ ಇಲ್ಲ. ರೈಲ್ವೆ ವಲಯದ ಕಚೇರಿಯೂ ವಾಯವ್ಯ ಸಾರಿಗೆಯ ಕಚೇರಿಯೂ ಇರುವ ಊರು ಹುಬ್ಬಳ್ಳಿ. ಕನ್ಯಾ ನೋಡಲು ಬಂದವರಿಗೆ ಚುರುಮುರಿ ಕೊಡುವ ಮೊದಲೇ “ಹುಡುಗ ಪರ್ಮನೆಂಟ್ ಅದಾನೇನ್ರಿ?” ಅನ್ನುವ ಪ್ರಶ್ನೆ ಬರುತ್ತದೆ. ಟೆಂಪರ್ವರಿ ಅಂದರೆ ಅರ್ಧ ಮನುಷ್ಯ. ಇದೇ ಪದವನ್ನು ಸೂಜಿಗೆ ತುಂಬಿ ಮಾರುವವರಿಗೆ ಅದರ ಬೆಲೆ ಚಲೋ ಗೊತ್ತು.

ಮೊದಲು ನಿಮ್ಮ ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಶಾಶ್ವತ ಫಿಲ್ಲರ್ ಎಲ್ಲವೂ ಕಳ್ಳಮಾಲಲ್ಲ. ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನ ಸೂಕ್ಷ್ಮ ಗುಂಡುಗಳ ಫಿಲ್ಲರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದೂ ನೀವು ಹೇಳುವ ಆ ನಗುವಿನ ಗೆರೆಗೇ. ಮುಂದೆ ಕೆನ್ನೆಯ ಕೆಲವು ಮೊಡವೆ ಗುಳಿಗಳಿಗೂ ಕೊಟ್ಟಿತು. ನುರಿತ ಕೈಯಲ್ಲಿ, ಸ್ವಲ್ಪಸ್ವಲ್ಪವೇ ಹಾಕಿಸಿಕೊಂಡು ವರ್ಷಗಟ್ಟಲೆ ಸುಖವಾಗಿ ಇರುವವರಿದ್ದಾರೆ. ಆಯಿತೇ? ಇನ್ನು ಉಳಿದದ್ದು ಕೇಳಿ.

ಕರಗುವ ಫಿಲ್ಲರ್ ಅಂದರೆ ಬಹುಮಟ್ಟಿಗೆ ಹೈಯಲುರಾನಿಕ್ ಆಸಿಡ್ಡಿನ ಜೆಲ್. ನಮ್ಮ ಚರ್ಮದಲ್ಲಿ ತಾನಾಗಿಯೇ ಇರುವ ವಸ್ತುವಿನ ಗಟ್ಟಿ ರೂಪ. ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ಕರಗುತ್ತದೆ. ಅದಕ್ಕಿಂತ ಮುಖ್ಯ ಸಂಗತಿ ಬೇರೆ: ಹೈಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಅದನ್ನು ಬೇಕೆಂದಾಗ ಕರಗಿಸಬಹುದು. ನೀವು ವರ್ಷಕ್ಕೊಮ್ಮೆ ಕೊಡುವ 25 ಸಾವಿರದಲ್ಲಿ ಈ ಹಿಂತಿರುಗುವ ದಾರಿಯ ಬೆಲೆಯೂ ಸೇರಿದೆ. ಶಾಶ್ವತದವುಗಳಿಗೆ ಅಂಥ ಮರುಮದ್ದು ಇಲ್ಲ. ಸಿಲಿಕೋನ್ ಎಣ್ಣೆ ಇರಲಿ, ಪಾಲಿಅಕ್ರಿಲಮೈಡ್ ಜೆಲ್ ಇರಲಿ, ಪಿಎಂಎಂಎ ಗುಂಡು ಇರಲಿ, ಯಾವುದಕ್ಕೂ ಇಲ್ಲ.

ಪಿಎಂಎಂಎ ಕೆಲಸ ಮಾಡುವ ಬಗೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಸಿರಿಂಜಿನಲ್ಲಿ ಐದನೇ ಒಂದು ಭಾಗ ಗುಂಡುಗಳು, ಒಂದೊಂದೂ 30ರಿಂದ 50 ಮೈಕ್ರಾನ್ ದಪ್ಪ. ಉಳಿದ ನಾಲ್ಕು ಭಾಗ ದನದ ಚರ್ಮದಿಂದ ತೆಗೆದ ಕೊಲಾಜನ್ ಎಂಬ ಪ್ರೋಟೀನಿನ ಜೆಲ್, ಜೊತೆಗೆ ಮರಗಟ್ಟಿಸುವ ಮದ್ದು ಲಿಡೊಕೇನ್ ಚೂರು. (ಶ್ರಾವಣ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆಗಳವರಿಗೆ ಈ ಮಾತನ್ನು ಸೂಜಿಗಿಂತ ಮೊದಲು ಹೇಳಬೇಕೋ ಬೇಡವೋ?) ಆ ಕೊಲಾಜನ್ನಿಗೆ ಅಲರ್ಜಿ ಇದೆಯೇ ಎಂದು 4 ವಾರ ಮೊದಲು ಮುಂಗೈಗೆ ಚುಚ್ಚಿ ಪರೀಕ್ಷೆ ಮಾಡಬೇಕೆಂಬುದು 2006ರ ಒಪ್ಪಿಗೆಯ ಜೊತೆಗೇ ಬಂದ ಸೂಚನೆ. ಇವತ್ತು ಬಂದಿರಿ, ಇವತ್ತೇ ಹಾಕುತ್ತೇವೆ ಅಂದವರು ಮೊದಲ ಮೆಟ್ಟಿಲನ್ನೇ ಜಿಗಿದರು ಅಂತ ತಿಳಿಯಿರಿ. ಒಳಗೆ ಹೋದ ಮೇಲೆ ಕೊಲಾಜನ್ ಕೆಲವು ತಿಂಗಳಲ್ಲಿ ಕರಗುತ್ತದೆ, ಗುಂಡುಗಳು ಉಳಿಯುತ್ತವೆ, ಪ್ರತಿ ಗುಂಡಿನ ಸುತ್ತ ದೇಹ ತನ್ನ ನಾರು ಹೆಣೆಯುತ್ತದೆ. ಗೆರೆ ತುಂಬುವುದು ಈ ನಾರಿನಿಂದ. ತೆಗೆಯಲು ಬಾರದಿರುವುದೂ ಈ ನಾರಿನಿಂದಲೇ. ಗಂಟಿನ ಹಾಗೆ ಒಂದೆಡೆ ಕೂತಿದ್ದರೆ ಕೊಯ್ದು ತೆಗೆಯಬಹುದಿತ್ತು. ಇದು ಜೋಳದ ಹಿಟ್ಟಿನಲ್ಲಿ ಕಲಸಿಹೋದ ಉಸುಕು. ಉಸುಕು ಬೇಡವೆಂದರೆ ಹಿಟ್ಟನ್ನೂ ಚೆಲ್ಲಬೇಕು.

ಕಣ್ಣಿನ ಪೊರೆ ತೆಗೆದು ಹಾಕುತ್ತಿದ್ದ ಗಟ್ಟಿ ಲೆನ್ಸೂ ಇದೇ ಪಿಎಂಎಂಎ ಅಲ್ಲವೇ ಎಂದು ಮಾರುವವರು ವಾದಿಸುತ್ತಾರೆ. ಹೌದು, ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲು ಕೂರಿಸಿದ್ದು ಅದೇ ಪ್ಲಾಸ್ಟಿಕ್ಕಿನ ಲೆನ್ಸ್. ಆದರೆ ಲೆನ್ಸ್ ಒಂದೇ ತುಂಡು, ಎಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣುತ್ತದೆ, ಕೆಟ್ಟರೆ ಇಕ್ಕಳದಲ್ಲಿ ಹಿಡಿದು ತೆಗೆಯಬಹುದು. ಕೆನ್ನೆಯಲ್ಲಿ ಹರಡಿದ ಗುಂಡುಗಳನ್ನು ಹಿಡಿಯುವ ಇಕ್ಕಳ ಇಲ್ಲ.

ಇನ್ನು ಗಂಟು. ಒಳಗೆ ಬಂದ ಪರವಸ್ತುವನ್ನು ದೇಹ ಮೊದಲು ನುಂಗಲು ನೋಡುತ್ತದೆ, ನುಂಗಲಾಗದಿದ್ದರೆ ಸುತ್ತ ಜೀವಕೋಶಗಳ ಗೋಡೆ ಕಟ್ಟುತ್ತದೆ. ಇದೇ ಗ್ರಾನ್ಯುಲೋಮ. ಹಾಕಿಸಿದ 6 ತಿಂಗಳಿಗೂ ಬರಬಹುದು, 10 ವರ್ಷ ಬಿಟ್ಟೂ ಬರಬಹುದು. ಕೆಂಪಾದ, ಗಟ್ಟಿಯಾದ, ಕೆಲವೊಮ್ಮೆ ನೋಯುವ ಗಂಟು. ಹಲ್ಲಿನ ಸೋಂಕು, ದೊಡ್ಡ ಜ್ವರ, ಅದೇ ಜಾಗಕ್ಕೆ ಮತ್ತೊಂದು ಚುಚ್ಚುಮದ್ದು, ಯಾವುದಾದರೂ ನೆಪ ಸಾಕು. ಇದರ ಪಕ್ಕದ ಇನ್ನೊಂದು ಪೀಡೆ ಬಯೋಫಿಲ್ಮ್. ಚುಚ್ಚುವಾಗ ಚರ್ಮದ ಮೇಲಿನ ರೋಗಾಣು ಫಿಲ್ಲರಿಗೆ ಅಂಟಿ, ಸುತ್ತ ಲೋಳೆಯ ಹೊದಿಕೆ ಹೊದ್ದು ಮಲಗುತ್ತದೆ. ಕೀವು ತೆಗೆದು, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಬಹಳ ಸಲ “ಏನೂ ಬೆಳೆದಿಲ್ಲ” ಎಂದೇ ವರದಿ ಬರುತ್ತದೆ.

ಎಡವುವುದು ಇಲ್ಲಿಯೇ. ಗಂಟು ಕಂಡ ಕೂಡಲೇ ಸ್ಟಿರಾಯ್ಡ್ ಚುಚ್ಚುವವರಿದ್ದಾರೆ. ಬರಿಯ ಗ್ರಾನ್ಯುಲೋಮ ಆದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡನ್ನು ಗಂಟಿನೊಳಗೇ ಹಾಕುವುದು ಸರಿಯಾದ ಚಿಕಿತ್ಸೆ. ಪ್ರಮಾಣ ಹೆಚ್ಚಾದರೆ ಚರ್ಮ ಕುಸಿದು ಗುಳಿ ಬೀಳುತ್ತದೆ, ಆದ್ದರಿಂದ ಪ್ರತಿ ಎಂ.ಎಲ್.ಗೆ 50 ಮಿ.ಗ್ರಾಂ. ಇರುವ ಫ್ಲೋರೊಯುರಾಸಿಲ್ ಎಂಬ ಕ್ಯಾನ್ಸರ್ ಮದ್ದು ಬೆರೆಸಿ ಸ್ಟಿರಾಯ್ಡ್ ಪಾಲನ್ನು ತಗ್ಗಿಸುತ್ತಾರೆ. ಕೆಲವು ವಾರಗಳಿಗೊಮ್ಮೆ ಹೀಗೆ ಮತ್ತೆ ಮತ್ತೆ. ಆದರೆ ಒಳಗಿರುವುದು ಸೋಂಕಾಗಿದ್ದರೆ ಸ್ಟಿರಾಯ್ಡ್ ಬೆಂಕಿಗೆ ಎಣ್ಣೆ. ಪಾಲಿಅಕ್ರಿಲಮೈಡ್ ಜೆಲ್‌ನ ವಿಷಯದಲ್ಲಂತೂ ಬಾವು ಕಂಡರೆ ಮೊದಲು ಸೋಂಕೆಂದೇ ಹಿಡಿದು ಆಂಟಿಬಯಾಟಿಕ್ ಶುರು ಮಾಡಬೇಕು, ಅದೂ ಮೂರು ದಿನದ ಕೋರ್ಸಲ್ಲ, ವಾರಗಟ್ಟಲೆ. ದಪ್ಪ ಸೂಜಿಯಿಂದಲೋ ಸಣ್ಣ ಕೊಯ್ತದಿಂದಲೋ ಜೆಲ್ ಹೊರಗೆ ತೆಗೆಯಬೇಕಾಗುತ್ತದೆ, ಪೂರ್ತಿ ಬರುವುದು ಅಪರೂಪ. ಕೊನೆಗೆ ಶಸ್ತ್ರಚಿಕಿತ್ಸೆ. ಅದರ ಕಲೆ ನಿಮ್ಮ ಹಳೇ ಗೆರೆಗಿಂತ ಉದ್ದ.

ಚೀನಾ ಈ ಪಾಲಿಅಕ್ರಿಲಮೈಡ್ ಜೆಲ್ಲನ್ನು 2006ರಲ್ಲಿ ನಿಷೇಧಿಸಿತು. ಅಷ್ಟರೊಳಗೆ ಅಸಂಖ್ಯ ಹೆಣ್ಣುಮಕ್ಕಳ ಎದೆಗೂ ಕೆನ್ನೆಗೂ ಅದು ಹೋಗಿಯಾಗಿತ್ತು. ಇದು ಹೊಸ ಪಾಠವೂ ಅಲ್ಲ. ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ 1899ರಲ್ಲಿ ಪೆಟ್ರೋಲಿಯಂ ಜೆಲ್ಲಿ ಕರಗಿಸಿ ಚುಚ್ಚುವ ವಿದ್ಯೆ ಶುರು ಮಾಡಿದ. ಪ್ಯಾರಫಿನ್ ಮೇಣ ಊರೂರಿಗೆ ಹಬ್ಬಿತು. ಮೂಗಿನ ಬುಡ ನೆಟ್ಟಗಾಗಲಿ ಎಂದು ಹರೆಯದಲ್ಲೇ ಮೇಣ ಹಾಕಿಸಿಕೊಂಡ ಗ್ಲಾಡಿಸ್ ಡೀಕನ್, ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೊ ಡಚೆಸ್ ಆದಾಕೆ, ಯುರೋಪಿನ ಹೆಸರಾಂತ ಚೆಲುವೆ. ಆ ಮೇಣ ಕೆಳಗಿಳಿದು ಗದ್ದಕ್ಕೆ ಬಂದು ಕೂತಿತು. ಮೂಗಿನ ಬುಡ ತಗ್ಗು ಎಂದು ನೀವೂ ಬರೆದಿದ್ದೀರಲ್ಲ, ಅದಕ್ಕೇ ಈ ಕಥೆ. ಮೇಣ ಹೋಯಿತು, ಸಿಲಿಕೋನ್ ಬಂತು. ಜಪಾನಿನಲ್ಲಿ ಮಹಾಯುದ್ಧದ ನಂತರ ಕಾರ್ಖಾನೆ ದರ್ಜೆಯ ಸಿಲಿಕೋನನ್ನೇ ಎದೆಗೆ ಚುಚ್ಚಿದರು. ಅಮೆರಿಕದ ಲಾಸ್ ವೇಗಸ್ಸಿನ ನೃತ್ಯಗಾತಿಯರ ಪಾಡು ನೋಡಲಾರದೆ ನೆವಾಡ ರಾಜ್ಯ 1970ರ ದಶಕದ ನಡುವೆ ಅದನ್ನು ಅಪರಾಧವೆಂದೇ ಕಾನೂನು ಮಾಡಿತು. ಎಫ್‌ಡಿಎ ದ್ರವ ಸಿಲಿಕೋನಿಗೆ ಒಪ್ಪಿಗೆ ಕೊಟ್ಟಿರುವುದು ಕಣ್ಣಿನ ಒಳಗಿನ ಶಸ್ತ್ರಚಿಕಿತ್ಸೆಗೆ. ಅಂದ ಹೆಚ್ಚಿಸಲು ಕೊಟ್ಟೇ ಇಲ್ಲ. ಸಿಲಿಕೋನ್ ರಕ್ತನಾಳ ಹೊಕ್ಕು ಪುಪ್ಪುಸ ಸೇರಿದರೆ ಜೀವವೇ ಹೋಗಬಹುದು.

ಮೂಗಿನ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. ಮೂಗು ಒಂದು, ಎರಡು ಹುಬ್ಬುಗಳ ನಡುವಿನ ಜಾಗ ಇನ್ನೊಂದು, ಇವೆರಡೂ ಯಾವ ಫಿಲ್ಲರಿಗೂ ಅತಿ ಅಪಾಯದ ಜಾಗ. ಅಲ್ಲಿನ ಸಣ್ಣ ರಕ್ತನಾಳಗಳು ಕಣ್ಣಿನ ನಾಳಕ್ಕೆ ಕೂಡಿಕೊಂಡಿವೆ. ಸೂಜಿ ನಾಳದೊಳಗಿದ್ದು ಜೋರಾಗಿ ಒತ್ತಿದರೆ ಫಿಲ್ಲರ್ ಹಿಮ್ಮುಖವಾಗಿ ಹರಿದು ಕಣ್ಣಿನ ಪರದೆಯ ರಕ್ತ ನಿಲ್ಲಿಸುತ್ತದೆ. 0.1 ಎಂ.ಎಲ್.ಗಿಂತ ಕಡಿಮೆ ಸಾಕು. ಪರದೆ ರಕ್ತವಿಲ್ಲದೆ ತಡೆಯುವುದು ಸುಮಾರು ಒಂದೂವರೆ ತಾಸು. ಗದಗದಿಂದ ಹುಬ್ಬಳ್ಳಿ 60 ಕಿ.ಮೀ. ಹತ್ತಿರ. ಬಸ್ಸು ಹಿಡಿದು, ಚೀಟಿ ಮಾಡಿಸಿ, ಪಾಳಿ ಬರುವಷ್ಟರಲ್ಲಿ ಆ ಕಣ್ಣಿನ ಲೆಕ್ಕ ಮುಗಿದಿರುತ್ತದೆ.

ಚರ್ಮದ ನಾಳ ಮುಚ್ಚಿದರೆ ಗುರುತುಗಳು ಹೀಗಿರುತ್ತವೆ: ಚುಚ್ಚಿದ ಜಾಗ ಸುಣ್ಣದಂತೆ ಬಿಳುಪಾಗುತ್ತದೆ, ಆಮೇಲೆ ಬಲೆಯಂತೆ ನೀಲಿ-ಕೆಂಪು ಗೆರೆ, ಅಳತೆ ಮೀರಿದ ನೋವು. ನೋವಿಲ್ಲ ಅಂತ ಸುಮ್ಮನಿರಬೇಡಿ, ಮರಗಟ್ಟಿಸುವ ಮದ್ದು ಬೆರೆತಿದ್ದರೆ ನೋವು ತಡವಾಗಿ ಗೊತ್ತಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮರಳದಿದ್ದರೆ ಆ ಕ್ಷಣವೇ ಸೂಜಿ ನಿಲ್ಲಿಸಬೇಕು. ಹೈಯಲುರಾನಿಕ್ ಆಗಿದ್ದರೆ ಜಾಗದ ಅಳತೆ ನೋಡಿ 500ರಿಂದ 1500 ಯೂನಿಟ್ ಹೈಯಲುರಾನಿಡೇಸ್ ತುಂಬಿ, ಬಣ್ಣ ಮರಳುವವರೆಗೆ ತಾಸಿಗೊಮ್ಮೆ ಮತ್ತೆ ಕೊಡುತ್ತಾರೆ. ಬಹಳ ಸಲ ಚರ್ಮ ಉಳಿಯುತ್ತದೆ (ಹೋದ ಕಣ್ಣು ಇದರಿಂದಲೂ ಮರಳುವುದು ಅಪರೂಪ, ಅದನ್ನೂ ಹೇಳಬೇಕು). ಶಾಶ್ವತ ಫಿಲ್ಲರ್ ಆಗಿದ್ದರೆ? ಬಿಸಿ ಶಾಖ, ನೀವುವುದು, ಆಸ್ಪಿರಿನ್, ಆಮೇಲೆ ಸತ್ತು ಕಪ್ಪಾದ ಚರ್ಮಕ್ಕೆ ಪಟ್ಟಿ.

ಇಷ್ಟೆಲ್ಲ ಏನೂ ಆಗದೆ ಚಲೋ ಕೂತಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ಎರಿಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ಗೋಡೆ ಎಷ್ಟೇ ಗಟ್ಟಿ ಇರಲಿ, ಕೆಳಗಿನ ಮಣ್ಣು ಮಳೆಗಾಲಕ್ಕೆ ಉಬ್ಬಿ ಬ್ಯಾಸಿಗೆಗೆ ಬಿರಿಯುತ್ತದೆ. ಗೋಡೆ ಸೀಳುವುದು ಅದು ಗಟ್ಟಿ ಇರುವುದಕ್ಕೇ. ಮಾರಿಯೂ ಹಾಗೇ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಇಳಿಯುತ್ತದೆ, ಮೇಲ್ದವಡೆಯ ಎಲುಬು ಸವೆಯುತ್ತದೆ, ಚರ್ಮ ತೆಳುವಾಗುತ್ತದೆ. 41ಕ್ಕೆ ಒಪ್ಪಿದ ಉಬ್ಬು 55ಕ್ಕೆ ತೆಳು ಚರ್ಮದಡಿ ಎದ್ದು ಕಾಣುತ್ತದೆ. ಕರಗುವ ಫಿಲ್ಲರನ್ನು ಪ್ರತಿ ಸಲ ಆ ವರ್ಷದ ಮಾರಿಗೆ ಹೊಂದಿಸಿ ಹಾಕಬಹುದು.

ಈಗಾಗಲೇ ಹಾಕಿಸಿಕೊಂಡವರೂ ಇದನ್ನು ಓದುತ್ತಿರಬಹುದು. ತೊಂದರೆ ಇಲ್ಲದಿದ್ದರೆ ಮುಟ್ಟಲು ಹೋಗಬೇಡಿ. ಗಂಟು ಸಿಕ್ಕರೆ ಹಿಸುಕಬೇಡಿ. ಚರ್ಮವೈದ್ಯರ ಬಳಿ ಅಲ್ಟ್ರಾಸೌಂಡ್ ಮಾಡಿಸಿ: ಸಿಲಿಕೋನ್ ಇದ್ದರೆ ಪರದೆಯ ಮೇಲೆ ಮಂಜು ಸುರಿದಂತೆ ಕಾಣುತ್ತದೆ, ಫಿಲ್ಲರಿನ ಜಾತಿ ತಿಳಿಯಲು ಅದು ದೊಡ್ಡ ಸುಳಿವು. ಹಲ್ಲಿನ ವೈದ್ಯರಿಗೂ ಹೇಳಿ. ಮುಂದೆ ಕ್ಯಾನ್ಸರಿನ ಪೆಟ್ ಸ್ಕ್ಯಾನ್ ಮಾಡಿಸುವ ಪ್ರಸಂಗ ಬಂದರೆ ಆಗಲೂ ಹೇಳಿ, ಹಳೇ ಫಿಲ್ಲರಿನ ಗಂಟು ಅದರಲ್ಲಿ ಗೆಡ್ಡೆಯಂತೆ ಬೆಳಗಿ ದಿಕ್ಕು ತಪ್ಪಿಸುತ್ತದೆ. ಹೆಸರು ಗೊತ್ತಿಲ್ಲದ ಹಳೇ ಫಿಲ್ಲರಿನ ಮೇಲೆ ಹೊಸದನ್ನು ಹಾಕಿಸುವುದಂತೂ ಬೇಡವೇ ಬೇಡ.

ಆದರೆ ಹೆಸರು ಯಾರಿಗೆ ಗೊತ್ತಿರುತ್ತದೆ? ನನ್ನ ಸಿಟ್ಟೆಲ್ಲ ಇಲ್ಲಿದೆ, ಅಕ್ಕೋರೇ. ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವಾಗ ಮುರಿದು, ಮೂಸಿ, ಬೀಜ ಉದುರಿಸಿ, ಡಬ್ಬಿಯೋ ಕಡ್ಡಿಯೋ ಎಂದು ಕೇಳುವ ಜನ ನಾವು. ಮಾರಿಗೆ ಚುಚ್ಚುವುದರ ಡಬ್ಬಿ ನೋಡುವುದಿಲ್ಲ. ಆಮದುದಾರರ ಹೆಸರು, ಲೈಸೆನ್ಸ್ ನಂಬರು, ಬ್ಯಾಚು, ಅವಧಿ ಎಲ್ಲ ಡಬ್ಬಿಯ ಮೇಲೆ ಇರಬೇಕು, ಸೀಲು ನಿಮ್ಮೆದುರೇ ಒಡೆಯಬೇಕು, ಅಂಟುಚೀಟಿ ನಿಮ್ಮ ಕೈಗೆ ಬರಬೇಕು. ಸಹಿಗೆ ಕೊಡುವ ಸಮ್ಮತಿ ಪತ್ರವಾದರೂ ಓದಿಸುತ್ತದೆಯೇ? ನಾಲ್ಕು ಪುಟ ಇಂಗ್ಲಿಷು, ಕೊನೆಗೊಂದು ಪೆನ್ಸಿಲ್ ಗುರುತು. ನವೆಂಬರ್ ಒಂದಕ್ಕೆ ಬಾಗಿಲಿಗೆ ಹಳದಿ-ಕೆಂಪು ಬಾವುಟ ಕಟ್ಟುವ ಚಿಕಿತ್ಸಾಲಯಗಳಲ್ಲೇ ಈ ಪಾಡು. ಕೇಳಿದರೆ ಕನ್ನಡದಲ್ಲಿ ಶಬ್ದ ಸಿಗುವುದಿಲ್ಲ ಅನ್ನುತ್ತಾರೆ. ಬಾವು, ಕೀವು, ಗಂಟು, ಗುಳಿ, ಕಲೆ, ಜಾರುವುದು, ಕಪ್ಪಾಗುವುದು, ಕಣ್ಣು ಹೋಗುವುದು. ನಮ್ಮ ಅಜ್ಜಿಯಂದಿರ ಬಾಯಲ್ಲಿ ಇದ್ದ ಶಬ್ದಗಳಿವು. ಸಿಗದೇ ಇರುವುದು ಶಬ್ದವಲ್ಲ, ಹೇಳುವ ಮನಸ್ಸು. ಕನ್ನಡದಲ್ಲಿ ಹೇಳಿದರೆ ಗಿರಾಕಿ ಎದ್ದು ಹೋದಾಳೆಂಬ ಹೆದರಿಕೆ.

ಅಡ್ಡಿಯಿಲ್ಲ ಅನ್ನುವ ಸಾಲು ಕೇಳಿದ್ದೀರಿ. ಅದರ ಬದಲು ಇದನ್ನು ಕತ್ತರಿಸಿಕೊಂಡು ಹುಬ್ಬಳ್ಳಿಗೆ ಒಯ್ಯಿರಿ:

“ಈಕೆಯ ಮುಖಕ್ಕೆ ನಾನು ಹಾಕುತ್ತಿರುವ ವಸ್ತುವಿನ ಹೆಸರು ................, ಬ್ಯಾಚ್ ನಂಬರು ................. ಇದನ್ನು ಕರಗಿಸುವ ಮದ್ದು ಇದೆ / ಇಲ್ಲ. ಇದ್ದರೆ ಅದು ಈಗ ಈ ಕೋಣೆಯಲ್ಲಿದೆ / ಇಲ್ಲ. ಹತ್ತು ವರ್ಷದ ನಂತರ ಗಂಟಾದರೆ ಯಾರ ಬಳಿ ಹೋಗಬೇಕು: ................. ನನ್ನ ಪದವಿ ಮತ್ತು ನೋಂದಣಿ ಸಂಖ್ಯೆ: .................”

ಕೆಳಗೆ ಸಹಿಗೆ ಜಾಗ ಬಿಟ್ಟಿದೆ. ಈ ಸಲ ಅದು ನಿಮ್ಮ ಸಹಿಗಲ್ಲ, ಸೂಜಿ ಹಿಡಿದವರ ಸಹಿಗೆ.