ಮಯೋರ್ಕಾದಲ್ಲಿದ್ದ ಚಾಂಪಿಯನ್ನರು: ಒಬ್ಬ ಹೊಸ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ನಮಸ್ಕಾರ. 1971–72ರ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಾಗಲಿಲ್ಲ. ವಿಷಯ ಅಷ್ಟು ಚೆನ್ನಾಗಿದೆ, ನೀವು ಓದಿಕೊಂಡಿರುವುದೂ ಕಾಣುತ್ತದೆ.

ನೀವು ಆಗಸ್ಟ್‌ನಿಂದ ಶುರು ಮಾಡಿದ್ದೀರಿ. ಆಮೇಲೆ ತಿಂಗಳು ತಿಂಗಳೂ ಯಾರು ಯಾರನ್ನು ಎಷ್ಟು ಗೋಲಿನಿಂದ ಸೋಲಿಸಿದರು ಅಂತ ಹೇಳುತ್ತಾ ಹೋಗಿದ್ದೀರಿ. ಒಂಬತ್ತನೇ ಪುಟಕ್ಕೆ ಬಂದಾಗ ಒಂದು ಸಾಲು ಸಿಗುತ್ತದೆ: ‘ಆಗ ಡರ್ಬಿ ಆಟಗಾರರು ಮಯೋರ್ಕಾದಲ್ಲಿದ್ದರು.’ (ಡರ್ಬಿ ಒಂದು ಇಂಗ್ಲಿಷ್ ತಂಡ, ಮಯೋರ್ಕಾ ಸ್ಪೇನ್‌ನ ಒಂದು ದ್ವೀಪ.) ಮುಂದಿನ ಸಾಲಿನಲ್ಲೇ ಡರ್ಬಿ ಚಾಂಪಿಯನ್! ನಿಮ್ಮ ಲೇಖನ ಇರುವುದೇ ಈ ಎರಡು ಸಾಲಿನ ನಡುವೆ. ಅದನ್ನೇ ನೀವು ಬರೆದಿಲ್ಲ.

ಸ್ವಲ್ಪ ನಿಂತು ನೋಡಿ. 1972ರ ಮೇ 1ರಂದು ಡರ್ಬಿ ಕೌಂಟಿ ತನ್ನ ಮೈದಾನದಲ್ಲಿ ಲಿವರ್‌ಪೂಲ್ ತಂಡವನ್ನು 1–0ಯಿಂದ ಸೋಲಿಸಿತು. ಗೋಲು ಜಾನ್ ಮೆಕ್‌ಗವರ್ನ್ ಅವರದು. ಅಂದು ರೈಟ್ ಬ್ಯಾಕ್ ಜಾಗದಲ್ಲಿ ಆಡಿದ ಸ್ಟೀವ್ ಪೊವೆಲ್‌ಗೆ ಬರೀ 16 ವರ್ಷ. ಈ ಹುಡುಗನ ಹೆಸರೇ ನಿಮ್ಮಲ್ಲಿಲ್ಲ! ಡರ್ಬಿಯ 42 ಪಂದ್ಯ ಅಲ್ಲಿಗೆ ಮುಗಿಯಿತು. ಕೈಯಲ್ಲಿ 58 ಅಂಕ. ಇನ್ನು ಮಾಡುವುದಕ್ಕೆ ಏನೂ ಇಲ್ಲ. ಸಹಾಯಕ ಮ್ಯಾನೇಜರ್ ಪೀಟರ್ ಟೇಲರ್ ಆಟಗಾರರನ್ನು ಕರೆದುಕೊಂಡು ಮಯೋರ್ಕಾಕ್ಕೆ ಹೋದರು. ಮ್ಯಾನೇಜರ್ ಬ್ರಯನ್ ಕ್ಲಫ್ ಮನೆಯವರ ಜೊತೆ ಇಂಗ್ಲೆಂಡಿನ ಸಿಲ್ಲಿ ದ್ವೀಪಗಳಿಗೆ ಹೋದರು.

ಮೇ 8ರ ಸೋಮವಾರ ರಾತ್ರಿ ಎರಡು ಪಂದ್ಯ ಬಾಕಿ. ಲೀಡ್ಸ್ ಯುನೈಟೆಡ್ ಬಳಿ 57 ಅಂಕ. ವುಲ್ವ್ಸ್ ವಿರುದ್ಧ ಡ್ರಾ ಆದರೂ ಸಾಕು. ಲಿವರ್‌ಪೂಲ್ ಬಳಿ 56. ಆರ್ಸೆನಲ್ ವಿರುದ್ಧ ಗೆಲ್ಲಲೇಬೇಕು. ವುಲ್ವ್ಸ್‌ನ ಮೊಲಿನ್ಯೂ ಮೈದಾನದಲ್ಲಿ 50 ಸಾವಿರಕ್ಕೂ ಜಾಸ್ತಿ ಜನ. ವುಲ್ವ್ಸ್ ಪರ ಮನ್ರೋ ಒಂದು, ಡೂಗನ್ ಒಂದು ಗೋಲು ಹೊಡೆದರು. ಲೀಡ್ಸ್‌ನ ಬ್ರೆಮ್ನರ್ ಒಂದನ್ನು ತೀರಿಸಿದರು, ಇನ್ನೊಂದು ಬರಲಿಲ್ಲ. ಅತ್ತ ಆರ್ಸೆನಲ್ ಮೈದಾನ ಹೈಬರಿಯಲ್ಲಿ ಕೊನೆಗಳಿಗೆಯಲ್ಲಿ ಲಿವರ್‌ಪೂಲ್‌ನ ಟೊಶ್ಯಾಕ್ ಚೆಂಡನ್ನು ಗೋಲಿಗೆ ಸೇರಿಸಿದರು. ಆಫ್‌ಸೈಡ್ ಅಂತ ಅದು ರದ್ದಾಯಿತು. 0–0. ಡರ್ಬಿ ತನ್ನ ಇತಿಹಾಸದಲ್ಲೇ ಮೊದಲ ಸಲ ಲೀಗ್ ಗೆದ್ದಿತು, ಚೆಂಡು ಮುಟ್ಟದೆ.

ನಿಮ್ಮ ಲೇಖನ ಈ ರಾತ್ರಿಯಿಂದ ಶುರುವಾಗಲಿ. ಉಳಿದ ತಿಂಗಳುಗಳಲ್ಲಿ ಈ ರಾತ್ರಿಗೆ ಬೇಕಾದದ್ದು ಮಾತ್ರ ಇಟ್ಟುಕೊಳ್ಳಿ.

ಇನ್ನು ಲೆಕ್ಕದ ವಿಷಯ. ‘ಲಿವರ್‌ಪೂಲ್ ಗೆದ್ದಿದ್ದರೆ ಗೋಲು ವ್ಯತ್ಯಾಸದಲ್ಲಿ ಮೊದಲ ಸ್ಥಾನಕ್ಕೆ ಬರುತ್ತಿತ್ತು’ ಅಂತ ಬರೆದಿದ್ದೀರಿ. ಇದು ತಪ್ಪು. ಆಗ ಇಂಗ್ಲೆಂಡಿನಲ್ಲಿ ಅಂಕ ಸಮವಾದರೆ ನೋಡುತ್ತಿದ್ದದ್ದು ಗೋಲು ಸರಾಸರಿ. ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. ವ್ಯತ್ಯಾಸ ನೋಡುವ ಪದ್ಧತಿ ಬಂದದ್ದು 1976–77ರಲ್ಲಿ. ಹೋಗಲಿ ಬಿಡಿ ಅನ್ನುವಂಥ ತಪ್ಪಲ್ಲ ಇದು. ಡರ್ಬಿ 69 ಹೊಡೆದು 33 ಬಿಟ್ಟುಕೊಟ್ಟಿತ್ತು, ಸರಾಸರಿ 2.09. ಲಿವರ್‌ಪೂಲ್ 64 ಮತ್ತು 30, ಅಂದರೆ 2.13. ಹಾಗಾಗಿ ಟೊಶ್ಯಾಕ್ ಗೋಲು ನಿಂತಿದ್ದರೆ, ಲೀಡ್ಸ್ ಕೂಡ ಸೋತ ಮೇಲೆ, ಲಿವರ್‌ಪೂಲೇ ಚಾಂಪಿಯನ್. ಈಗಿನ ಲೆಕ್ಕದಲ್ಲಿ ನೋಡಿ: ಡರ್ಬಿಯ ಗೋಲು ವ್ಯತ್ಯಾಸ 36, ಲಿವರ್‌ಪೂಲ್‌ನದು 1–0 ಗೆದ್ದರೂ 35. ಆ ಗೋಲು ಸಿಕ್ಕಿದ್ದರೂ ಡರ್ಬಿಯೇ ಮೇಲೆ! ಇಂಥದ್ದು ಕೈಗೆ ಸಿಕ್ಕಾಗ ಬಿಡಬಾರದು. ಗೆಲುವಿಗೆ ಆಗ ಎರಡೇ ಅಂಕ ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ 58 ಅಂಕಕ್ಕೆ ಚಾಂಪಿಯನ್ ಹೇಗೆ ಅಂತ ಈಗಿನ ಹುಡುಗರು ಕೇಳುತ್ತಾರೆ.

ಲೀಡ್ಸ್ ಬಗ್ಗೆ ನೀವು ಬರೆದದ್ದು ನನಗೆ ಬೇಸರ ತಂದಿತು. ‘ಒರಟರು’, ‘ದುರಹಂಕಾರಿಗಳು’ ಅಂತೆಲ್ಲ ಬರೆದಿದ್ದೀರಿ. ಅವರು ಒರಟಾಗಿ ಆಡುತ್ತಿದ್ದರು, ನಿಜ. ಆದರೆ ಅದೇ ತಂಡ ಮಾರ್ಚ್‌ನಲ್ಲಿ ಸೌತಾಂಪ್ಟನ್ ವಿರುದ್ಧ 7–0 ಗೆದ್ದಾಗ ಎದುರಾಳಿಗೆ ಚೆಂಡೇ ಸಿಗದ ಹಾಗೆ ಪಾಸ್ ಮಾಡುತ್ತಾ ಆಡಿತ್ತು. ಹಿಂದಿನ ವರ್ಷದ ಪ್ರೇಕ್ಷಕರ ಗಲಾಟೆಗೆ ಶಿಕ್ಷೆಯಾಗಿ ತವರಿನ ಮೊದಲ ನಾಲ್ಕು ಪಂದ್ಯಗಳನ್ನು ಬೇರೆ ಊರಲ್ಲಿ ಆಡಬೇಕಾಯಿತು. ಮೇ 6ರ ಶನಿವಾರ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್, ಅದು ಲೀಗ್‌ಗಿಂತ ಬೇರೆಯಾದ ನಾಕೌಟ್ ಟೂರ್ನಿ. ಅಲನ್ ಕ್ಲಾರ್ಕ್ ತಲೆಯಿಂದ ಹೊಡೆದ ಗೋಲಿನಿಂದ ಕಪ್ ಗೆದ್ದರು. ಆದರೆ ಮಿಕ್ ಜೋನ್ಸ್ ಮೊಣಕೈ ಕೀಲು ತಪ್ಪಿತು. ಎರಡೇ ದಿನಕ್ಕೆ, ಅವರಿಲ್ಲದೆ, ಮೊಲಿನ್ಯೂ. ಇದನ್ನೆಲ್ಲ ಬಿಟ್ಟು ಲೀಡ್ಸ್ ಸೋತದ್ದಕ್ಕೆ ಖುಷಿಪಟ್ಟರೆ ಡರ್ಬಿಯ ಗೆಲುವೂ ಸಣ್ಣದಾಗುತ್ತದೆ, ಅಲ್ವಾ?

ಮ್ಯಾಂಚೆಸ್ಟರ್ ಸಿಟಿ ವಿಷಯದಲ್ಲೂ ಹಾಗೇ. ಮಾರ್ಚ್‌ನಲ್ಲಿ ಹೊಸ ಆಟಗಾರ ರಾಡ್ನಿ ಮಾರ್ಷ್ ಬಂದದ್ದರಿಂದಲೇ ಸಿಟಿ ಕೆಟ್ಟಿತು ಅಂತ ಒಂದೇ ಏಟಿಗೆ ತೀರ್ಪು ಕೊಟ್ಟಿದ್ದೀರಿ. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಆದರೆ ಏಪ್ರಿಲ್ 22ರಂದು ಸಿಟಿ ತನ್ನ ಕೊನೇ ಪಂದ್ಯದಲ್ಲಿ ಡರ್ಬಿಯನ್ನೇ 2–0 ಸೋಲಿಸಿದಾಗ ಗೋಲು ಹೊಡೆದವರಲ್ಲಿ ಮಾರ್ಷ್ ಕೂಡ ಇದ್ದರು. ಇದನ್ನೂ ಓದುಗರ ಮುಂದಿಡಿ.

ಕ್ಲಫ್ ಮನಸ್ಸಿನಲ್ಲಿ ಏನಿತ್ತು ಅಂತ ನೀವು ಬರೆದ ಎರಡು ಪ್ಯಾರಾ ತೆಗೆಯಿರಿ. ಅದು ನಿಮಗೆ ಗೊತ್ತಿರಲು ಸಾಧ್ಯವಿಲ್ಲ. ಅವರು ಮಾಡಿದ್ದನ್ನು ಬರೆದರೆ ಸಾಕು. 1967ರಲ್ಲಿ ಬಂದಾಗ ತಂಡ ಎರಡನೇ ಡಿವಿಷನ್‌ನಲ್ಲಿತ್ತು. ಐದು ವರ್ಷದಲ್ಲಿ ಲೀಗ್. ಆ ಜಾಗಕ್ಕೆ ಡರ್ಬಿಯ ಮೈದಾನವನ್ನು ತನ್ನಿ. ಫುಟ್‌ಬಾಲ್ ಮೈದಾನಕ್ಕೆ ಬೇಸ್‌ಬಾಲ್ ಗ್ರೌಂಡ್ ಅಂತ ಯಾಕೆ ಹೆಸರು ಅಂತ ನಮ್ಮ ಓದುಗರು ಖಂಡಿತ ಕೇಳುತ್ತಾರೆ. ಫ್ರಾನ್ಸಿಸ್ ಲೇ ಅನ್ನುವ ಫೌಂಡ್ರಿ ಮಾಲೀಕ ಅಮೆರಿಕದಲ್ಲಿ ಬೇಸ್‌ಬಾಲ್ ನೋಡಿ ಬಂದು, ತನ್ನ ಕೆಲಸಗಾರರಿಗೆ ಆ ಆಟ ಕಲಿಸಲು ಹೋಗಿದ್ದ. ಆಟ ಊರಿಗೆ ಹತ್ತಲಿಲ್ಲ, ಹೆಸರು ಉಳಿಯಿತು. ಸುತ್ತ ಕಾರ್ಖಾನೆ, ಮನೆಗಳು, ಚಳಿಗಾಲದಲ್ಲಿ ಗದ್ದೆಯಂಥ ಕೆಸರು. ಈ ಕೆಸರಿನಲ್ಲಿ ಡರ್ಬಿಯ ಅಲನ್ ಹಿಂಟನ್ ಬಿಳಿ ಬೂಟು ಹಾಕಿಕೊಂಡು ಆಡುತ್ತಿದ್ದರು ಅಂತ ನೀವೇ ಎಲ್ಲೋ ಮೂಲೆಯಲ್ಲಿ ಬರೆದಿದ್ದೀರಿ. ಅದನ್ನು ಮುಂದಕ್ಕೆ ತನ್ನಿ.

ಹೆರೆಫರ್ಡ್ ತಂಡ ನ್ಯೂಕಾಸಲ್ ಅನ್ನು ಎಫ್‌ಎ ಕಪ್‌ನಿಂದ ಹೊರಹಾಕಿದ ಕಥೆ, ಅದರಲ್ಲಿ ಹೆರೆಫರ್ಡ್‌ನ ರಾಡ್ಫರ್ಡ್ ದೂರದಿಂದ ಹೊಡೆದ ಗೋಲು, ಎರಡೂ ನಿಮ್ಮ ಬರಹದಲ್ಲೇ ಚೆನ್ನಾಗಿ ಬಂದ ಭಾಗ. ಆದರೆ ಅದು ಬೇರೆ ಟೂರ್ನಿ. ಇಲ್ಲಿಂದ ತೆಗೆದು ಬೇರೆ ಲೇಖನ ಮಾಡಿ, ಅದನ್ನು ಸಂತೋಷವಾಗಿ ಹಾಕುತ್ತೇನೆ.

ಮೊದಲು ಮೇ 8ರ ರಾತ್ರಿಯ ಭಾಗ ಬರೆದು ಕಳಿಸಿ. ಎರಡು ಪುಟ ಸಾಕು. ಅದು ಕೂತರೆ ಉಳಿದದ್ದನ್ನು ಫೋನಿನಲ್ಲಿ ಮಾತಾಡೋಣ.

ಇಂತಿ ನಿಮ್ಮ,
ಸಂಪಾದಕ